ಲೈಪೊಸಕ್ಷನ್ ಆಯ್ತು, ಮುಂದೇನು? ಊಟ, ನಡಿಗೆ, ತೂಕದ ಅಸಲಿ ಲೆಕ್ಕ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಅಡುಗೆಮನೆಯಲ್ಲಿ ಫೋನ್ ಒರಗಿಸಿಟ್ಟು ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಲೈಪೊಸಕ್ಷನ್, ಅಂದ್ರೆ ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯೋ ಆಪರೇಷನ್. ಆದ್ರೆ ಆಪರೇಷನ್ ಹೇಗೆ ಮಾಡ್ತಾರೆ ಅನ್ನೋದು ಇವತ್ತಿನ ಮಾತಲ್ಲ. ಮನೆಗೆ ಬಂದ ಮೇಲೆ ಏನು ತಿನ್ನಬೇಕು, ಯಾವಾಗ ನಡೀಬೇಕು, ಹೋದ ಕೊಬ್ಬು ವಾಪಸ್ ಬರದ ಹಾಗೆ ಏನು ಮಾಡ್ಬೇಕು, ಅದನ್ನ ಮಾತಾಡೋಣ.

ಮಾತಿಗೆ ಒಂದು ಊರು ಇಟ್ಕೊಳ್ಳೋಣ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ. ತುಂಗಭದ್ರಾ ನೀರು, ಭತ್ತದ ಗದ್ದೆ, ರೈಸ್ ಮಿಲ್ಲುಗಳ ಊರು. ಅಲ್ಲಿ 26 ವರ್ಷದ ಒಬ್ಬ ಹುಡುಗಿ ಇದ್ದಾಳೆ ಅಂತ ಊಹಿಸ್ಕೊಳ್ಳಿ. ಮನೆಯಲ್ಲಿ ಮದುವೆ ಮಾತುಕತೆ ನಡೀತಿದೆ. ಬಂದವರೆಲ್ಲ "ಸ್ವಲ್ಪ ದಪ್ಪ ಆಗ್ಯಾಳಲ್ಲ" ಅಂತಾರೆ. ಫೋನ್ ತೆಗೆದ್ರೆ "ಒಂದೇ ದಿನದಲ್ಲಿ ಹೊಟ್ಟೆ ಮಾಯ, ಇಎಂಐ ಸೌಲಭ್ಯ ಇದೆ" ಅನ್ನೋ ರೀಲ್ಸ್. ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಮಾಡಿಸ್ಕೊಂಡು ಬಂದ್ಲು. ಊರಿಗೆ ಬಂದಾಗ ಕೈಯಲ್ಲಿ ಒಂದು ಮಾತ್ರೆ ಚೀಟಿ, ಮೈಮೇಲೆ ಒಂದು ಬಿಗಿ ಬೆಲ್ಟು. ಮುಂದಿನ ಒಂದು ವರ್ಷ ಹೇಗೆ ಅಂತ ಅವಳಿಗೆ ಯಾರೂ ಕೂತು ಹೇಳಿರಲ್ಲ. ಆ ಒಂದು ವರ್ಷವೇ ಇವತ್ತಿನ ಎಪಿಸೋಡ್.

ತೂಬು ಮುಚ್ಚಿದ್ರೆ ನೀರು ಎಲ್ಲಿಗೆ ಹೋಗುತ್ತೆ?

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ಲೈಪೊಸಕ್ಷನ್ ತೂಕ ಇಳಿಸೋ ಚಿಕಿತ್ಸೆ ಅಲ್ಲ. ಅದು ಆಕಾರ ಬದಲಿಸೋ ಚಿಕಿತ್ಸೆ. ಒಂದೇ ಸಲಕ್ಕೆ ಸುಮಾರು 5 ಲೀಟರ್‌ಗಿಂತ ಹೆಚ್ಚು ತೆಗೆಯಬಾರದು ಅನ್ನೋದು ವೈದ್ಯರು ಸಾಮಾನ್ಯವಾಗಿ ಪಾಲಿಸೋ ಮಿತಿ. ಬಹಳ ಜನರಿಗೆ ತೆಗೆಯೋದು ಅದಕ್ಕಿಂತ ಎಷ್ಟೋ ಕಡಿಮೆ.

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 32 ಮಹಿಳೆಯರ ಮೇಲೆ ಒಂದು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ್ರು. ಕೆಲವರಿಗೆ ಲೈಪೊಸಕ್ಷನ್, ಉಳಿದವರಿಗೆ ಇಲ್ಲ. ಆರು ವಾರಕ್ಕೆ ವ್ಯತ್ಯಾಸ ಎದ್ದು ಕಾಣ್ತಿತ್ತು. ಒಂದು ವರ್ಷಕ್ಕೆ ಎರಡೂ ಗುಂಪಿನ ಮೈಕೊಬ್ಬಿನ ಲೆಕ್ಕ ಸಮ. ತೊಡೆಯಿಂದ ತೆಗೆದದ್ದು ತೊಡೆಗೆ ಬರಲಿಲ್ಲ, ಹೊಟ್ಟೆಗೆ ಬಂತು.

ಇದನ್ನ ಸಿರುಗುಪ್ಪದವರಿಗೆ ಹೇಳೋದು ಸುಲಭ. ಕಾಲುವೆಯ ಒಂದು ತೂಬು ಮುಚ್ಚಿದ್ರೆ ನೀರು ನಿಲ್ಲಲ್ಲ, ಮುಂದಿನ ತೂಬಿನ ಗದ್ದೆಗೆ ಹರಿಯುತ್ತೆ. ನಾವು ತಿನ್ನೋ ಹೆಚ್ಚುವರಿ ಊಟವೂ ಹಾಗೇ. ಕೊಬ್ಬಿನ ಕೋಶಗಳನ್ನು ಒಂದು ಕಡೆ ತೆಗೆಸಿದ್ರೆ, ಮಿಕ್ಕ ಕಡೆಯ ಕೋಶಗಳು ಊದಿಕೊಳ್ತವೆ.

ಇನ್ನೊಂದು ವಿಷಯ. 2004ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 15 ಮಂದಿ ಸ್ಥೂಲಕಾಯದ ಮಹಿಳೆಯರಿಂದ ತಲಾ ಸುಮಾರು 10 ಕೆ.ಜಿ. ಕೊಬ್ಬು ತೆಗೆದು, 10–12 ವಾರ ಬಿಟ್ಟು ಪರೀಕ್ಷೆ ಮಾಡಿದ್ರು. ಬಿಪಿ, ಶುಗರ್, ಕೊಲೆಸ್ಟ್ರಾಲ್, ಯಾವುದೂ ಸುಧಾರಿಸಿರಲಿಲ್ಲ. ಯಾಕಂದ್ರೆ ತೆಗೆದದ್ದು ಚರ್ಮದ ಕೆಳಗಿನ ಕೊಬ್ಬು. ಕಾಯಿಲೆ ತರೋದು ಹೆಚ್ಚಾಗಿ ಹೊಟ್ಟೆಯೊಳಗೆ, ಕರುಳು–ಯಕೃತ್ತಿನ ಸುತ್ತ ಕೂತಿರೋ ಕೊಬ್ಬು. ಅಲ್ಲಿಗೆ ಕೊಳವೆ ಹೋಗಲ್ಲ.

ನಡಿಗೆ ಮಾಡೋ ಕೆಲಸ

ಹಾಗಾದ್ರೆ ದುಡ್ಡು ನೀರಲ್ಲಿ ಹೋಮ ಅಂತ ಅರ್ಥನಾ? ಇಲ್ಲ. ಬ್ರೆಜಿಲ್‌ನ ಸಾವೊ ಪೌಲೊದಲ್ಲಿ 36 ಮಹಿಳೆಯರಿಗೆ ಹೊಟ್ಟೆಯ ಲೈಪೊಸಕ್ಷನ್ ಮಾಡಿ, ಎರಡು ತಿಂಗಳ ನಂತರ ಅರ್ಧ ಜನರಿಗೆ ಮಾತ್ರ ವಾರಕ್ಕೆ 3 ದಿನ ವ್ಯಾಯಾಮ ಮಾಡಿಸಿದ್ರು. ನಾಲ್ಕು ತಿಂಗಳು. ವರದಿ 2012ರಲ್ಲಿ ಬಂತು. ಸುಮ್ಮನೆ ಕೂತವರಿಗೆ ಹೊಟ್ಟೆಯೊಳಗಿನ ಕೊಬ್ಬು ಸುಮಾರು 10% ಹೆಚ್ಚಾಗಿತ್ತು. ವ್ಯಾಯಾಮ ಮಾಡಿದವರಿಗೆ ಹೆಚ್ಚಾಗಲಿಲ್ಲ.

ಇದನ್ನ ಎರಡು ಸಲ ಯೋಚನೆ ಮಾಡಿ. ಹೊರಗೆ ಹೊಟ್ಟೆ ಚಪ್ಪಟೆ, ಕನ್ನಡಿ ಖುಷಿ. ಒಳಗೆ ಮಾತ್ರ ಅಪಾಯದ ಕೊಬ್ಬು ಬೆಳೀತಿದೆ. ಇದನ್ನ ತಡೆದದ್ದು ವಾರಕ್ಕೆ ಮೂರು ದಿನದ ವ್ಯಾಯಾಮ. ಅದಕ್ಕೇ ಹೇಳೋದು, ಆಪರೇಷನ್ ಅರ್ಧ ಚಿಕಿತ್ಸೆ, ಇನ್ನರ್ಧ ನಿಮ್ಮ ಚಪ್ಪಲಿಯಲ್ಲಿದೆ.

ಯಾವಾಗ, ಎಷ್ಟು?

ನಿಮ್ಮ ಸರ್ಜನ್ ಹೇಳಿದ್ದೇ ಕೊನೆಯ ಮಾತು. ಸಾಮಾನ್ಯ ಕ್ರಮ ಹೀಗಿರುತ್ತೆ.

ಮೊದಲ ದಿನದಿಂದಲೇ ಮನೆಯೊಳಗೆ ನಿಧಾನ ನಡಿಗೆ. ಪೂರ್ತಿ ಮಲಗೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಇದೆ. ಇಲ್ಲೊಂದು ನಮ್ಮ ಕಡೆಯ ಸಮಸ್ಯೆ. ಬೆಂಗಳೂರಿಂದ ಬಳ್ಳಾರಿ 300 ಕಿ.ಮೀ.ಗೂ ಹೆಚ್ಚು, ಸಿರುಗುಪ್ಪ ಇನ್ನೂ ಮುಂದೆ. ಆಪರೇಷನ್ ಆದ ಮರುದಿನವೇ ರಾತ್ರಿ ಬಸ್ ಹತ್ತಬೇಡಿ. ಎಷ್ಟು ದಿನ ಅಲ್ಲೇ ಇರಬೇಕು ಅಂತ ಮೊದಲೇ ಕೇಳಿ, ಉಳಿಯೋ ವ್ಯವಸ್ಥೆ ಮಾಡ್ಕೊಳ್ಳಿ.

ಎರಡು–ಮೂರು ವಾರ ಆದ ಮೇಲೆ, ಡಾಕ್ಟರ್ ಒಪ್ಪಿದ್ರೆ, ಸ್ವಲ್ಪ ಜೋರು ನಡಿಗೆ. ಜಿಮ್, ಓಟ, ಭಾರ ಎತ್ತೋದು ಸಾಮಾನ್ಯವಾಗಿ 4ರಿಂದ 6 ವಾರದ ನಂತರ. ಭಾರ ಅಂದ್ರೆ ಡಂಬಲ್ ಮಾತ್ರ ಅಲ್ಲ. ನೀರಿನ ಕೊಡ, ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್, ಅಕ್ಕನ ಮಗು, ಎಲ್ಲವೂ ಭಾರವೇ. ಮನೆಯವರಿಗೆ ಇದನ್ನ ಬಾಯಿಬಿಟ್ಟು ಹೇಳಿ.

ಆಮೇಲಿನ ಗುರಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳೋದೇ: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ 2 ದಿನ ಸ್ನಾಯುಗಳಿಗೆ ಕೆಲಸ. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ. ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟು ವೇಗ ಸಾಕು. ಸ್ಕ್ವಾಟ್, ಗೋಡೆಗೆ ಕೈಯಿಟ್ಟು ಪುಷ್‌ಅಪ್, ಇವಕ್ಕೆ ಜಿಮ್ ಬೇಡ.

ಬಳ್ಳಾರಿ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ. ಬೆಳಿಗ್ಗೆ 7ರ ಒಳಗೆ ನಡೆದು ಮುಗಿಸಿ. ಆ ಬಿಗಿ ಬೆಲ್ಟು ಕೆಲವು ವಾರ ಹಾಕಬೇಕಾಗುತ್ತೆ, ಊತ ಇಳಿಸೋಕೆ. ಸೆಕೆ ಅಂತ ನೀವೇ ತೆಗೆದಿಡಬೇಡಿ. ಬೆವರುಗುಳ್ಳೆ, ಗಾಯ ಕಂಡ್ರೆ ಡಾಕ್ಟರ್‌ಗೆ ಫೋನ್ ಮಾಡಿ. ಸಾಧ್ಯ ಇದ್ರೆ ಆಪರೇಷನ್ ತಂಪು ತಿಂಗಳಲ್ಲಿ ಇಟ್ಕೊಳ್ಳೋದೇ ಜಾಣತನ.

ತಟ್ಟೆಯಲ್ಲಿ ಏನಿರಬೇಕು?

ಮೊದಲ ಕೆಲವು ವಾರ ಡಯಟ್ ಹೆಸರಲ್ಲಿ ಉಪವಾಸ ಬೇಡವೇ ಬೇಡ. ಗಾಯ ಮಾಗೋಕೆ ಪ್ರೋಟೀನ್ ಬೇಕು. ಬೇಳೆ, ಮೊಟ್ಟೆ, ಮೀನು, ಮೊಸರು, ಮೊಳಕೆ ಬಂದ ಹೆಸರುಕಾಳು, ಮಡಿಕೆಕಾಳು. ಉಪ್ಪು ಕಡಿಮೆ, ಯಾಕಂದ್ರೆ ಉಪ್ಪು ನೀರನ್ನ ಹಿಡಿದಿಟ್ಟು ಊತ ಹೆಚ್ಚಿಸುತ್ತೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸ್ವಲ್ಪ ದಿನ ದೂರ ಇರಲಿ.

ಆಮೇಲೆ ಬರೋದು ಅನ್ನದ ಪ್ರಶ್ನೆ. ಭತ್ತ ಬೆಳೆಯೋ ಊರಲ್ಲಿ ಅನ್ನ ಬಿಡು ಅಂದ್ರೆ ಯಾರು ಕೇಳ್ತಾರೆ? ಬಿಡಬೇಕಾಗಿಲ್ಲ. ಸೋನಾ ಮಸೂರಿ ತಪ್ಪು ಮಾಡಿಲ್ಲ, ತಟ್ಟೆಯಲ್ಲಿ ಅದು ಹಿಡಿಯೋ ಜಾಗ ತಪ್ಪು. ತಟ್ಟೆಯ ಅರ್ಧ ತರಕಾರಿ–ಸೊಪ್ಪು, ಕಾಲು ಭಾಗ ಕಾಳು–ಬೇಳೆ–ಮೊಟ್ಟೆ, ಉಳಿದ ಕಾಲು ಭಾಗ ಅನ್ನ ಅಥವಾ ರೊಟ್ಟಿ. ಪುಂಡಿ ಪಲ್ಯ, ಹೀರೇಕಾಯಿ, ಬದನೆಕಾಯಿ ಎಲ್ಲ ಈ ಅರ್ಧಕ್ಕೆ ಬರುತ್ತೆ, ಎಣ್ಣೆ ತೇಲದಿದ್ರೆ.

"ಅನ್ನ ಬಿಟ್ಟು ಜೋಳದ ರೊಟ್ಟಿ ತಿಂದ್ರೆ ಸಣ್ಣ ಆಗ್ತಾರೆ" ಅಂತಾರಲ್ಲ, ಅದು ಅರ್ಧ ಸತ್ಯ. ತೂಕಕ್ಕೆ ತೂಕ ಜೋಳಕ್ಕೂ ಅಕ್ಕಿಗೂ ಕ್ಯಾಲರಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ನಾರಿನಲ್ಲಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಹಾಗಾಗಿ ರೊಟ್ಟಿ ತಿಂದ್ರೆ ಬೇಗ ಹೊಟ್ಟೆ ತುಂಬುತ್ತೆ, ತಡವಾಗಿ ಹಸಿವಾಗುತ್ತೆ. ಆದ್ರೆ ನಾಲ್ಕು ರೊಟ್ಟಿ ತಿಂದು ಮೇಲೆ ಅನ್ನವನ್ನೂ ಉಂಡ್ರೆ ಲಾಭ ಇಲ್ಲ. ಶೇಂಗಾ ಚಟ್ನಿಪುಡಿಯೂ ಒಳ್ಳೇದೇ, ಆದ್ರೆ ಒಂದು ಹಿಡಿ ಶೇಂಗಾ ಅಂದ್ರೆ ಸುಮಾರು 160 ಕ್ಯಾಲರಿ ಅನ್ನೋದು ನೆನಪಿರಲಿ.

ಲೆಕ್ಕಕ್ಕೇ ಬರದೆ ಒಳಗೆ ಹೋಗೋದು ಎರಡು. ಒಂದು ಚಹಾ. ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದ್ರೆ ಸುಮಾರು 10 ಗ್ರಾಂ. ದಿನಕ್ಕೆ ನಾಲ್ಕು ಕಪ್ಪಿಗೆ 40 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೇಳಿದ ಮಿತಿ ದಿನಕ್ಕೆ 25 ಗ್ರಾಂ. ಇನ್ನೊಂದು, ಸಂಜೆಯ ವಗ್ಗರಣಿ–ಮಿರ್ಚಿ. ಮಂಡಕ್ಕಿ ಹಗುರ, ಅದರ ಜೊತೆ ಬರೋ ಎಣ್ಣೆ ಹಗುರ ಅಲ್ಲ. ವಾರಕ್ಕೊಮ್ಮೆ, ಒಂದೇ ಮಿರ್ಚಿ. ಪೂರ್ತಿ ಬಿಡ್ತೀನಿ ಅಂತ ಶಪಥ ಮಾಡಿದವರು ತಿಂಗಳೊಳಗೆ ತಿರುಗಿ ಬಂಡಿ ಮುಂದೆ ನಿಂತಿರ್ತಾರೆ.

ತಕ್ಕಡಿ ಬೇಡ, ಟೇಪ್ ಹಿಡೀರಿ

ಮೊದಲ ವಾರಗಳಲ್ಲಿ ತೂಕ ನೋಡಿದ್ರೆ ಗಾಬರಿ ಆಗುತ್ತೆ. ಊತದ ನೀರಿಂದ ಅದು ಹೆಚ್ಚೂ ಆಗಿರಬಹುದು. ನಿಜವಾದ ಆಕಾರ ಕಾಣೋಕೆ 3ರಿಂದ 6 ತಿಂಗಳು ಬೇಕು. ಅಲ್ಲಿಂದ ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಅಳೀರಿ. ಭಾರತೀಯರಿಗೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90 ಸೆಂ.ಮೀ. ದಾಟಿದ್ರೆ ಎಚ್ಚರಿಕೆ. ಜೀನ್ಸ್ ಹೊಲಿಯೋ ಬಳ್ಳಾರಿಯವರಿಗೆ ಟೇಪ್ ಸಿಗೋದು ಕಷ್ಟವಾ? ವರ್ಷಕ್ಕೊಮ್ಮೆ ಬಿಪಿ, ಶುಗರ್ ಕೂಡ ನೋಡಿಸ್ಕೊಳ್ಳಿ, ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತೆ.

ಗುಟ್ಟಾಗಿ ಮಾತ್ರ ಹೋಗಬೇಡಿ

ಕೊನೆಗೆ ಒಂದು ಗಂಭೀರ ಮಾತು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಯೋ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡರು. ಆಗ ಅವರಿಗೆ 21 ವರ್ಷ. ಮನೆಯವರಿಗೆ ಮೊದಲೇ ತಿಳಿಸಿರಲಿಲ್ಲ ಅಂತ ಆಗ ವರದಿಯಾಗಿತ್ತು. ನಮ್ಮ ಗಡಿ ಭಾಗದಲ್ಲಿ ತೆಲುಗು ಸಿನಿಮಾ ನೋಡೋರಿಗೆ ಆರ್ತಿ ಅಗರ್ವಾಲ್ ನೆನಪಿರಬಹುದು. 2015ರ ಜೂನ್‌ನಲ್ಲಿ, ಲೈಪೊಸಕ್ಷನ್ ಆಗಿ ಕೆಲವೇ ವಾರಕ್ಕೆ, 31ನೇ ವಯಸ್ಸಿಗೆ ಹೋದರು. ಇಂಥ ಸಾವು ಅಪರೂಪ. ಆದ್ರೆ ಇದು ಬ್ಯೂಟಿ ಪಾರ್ಲರ್ ಕೆಲಸ ಅಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಉಸಿರಾಟ ಕಷ್ಟ, ಎದೆನೋವು, ಒಂದೇ ಕಾಲಿನ ಮೀನಖಂಡದಲ್ಲಿ ಊತ–ನೋವು, ಜ್ವರ, ಗಾಯದಿಂದ ಕೀವು, ಇದರಲ್ಲಿ ಯಾವುದು ಬಂದ್ರೂ "ನಾಳೆ ನೋಡೋಣ" ಬೇಡ. ಹತ್ತಿರದ ಆಸ್ಪತ್ರೆಗೆ ಹೋಗಿ, ಆಪರೇಷನ್ ಆಗಿದೆ ಅಂತ ನಾಚಿಕೆ ಬಿಟ್ಟು ಹೇಳಿ. ಅದಕ್ಕೇ ಮನೆಯಲ್ಲಿ ಒಬ್ಬರಿಗಾದ್ರೂ ಗೊತ್ತಿರಬೇಕು. ಅಮ್ಮನಿಗೆ ಹೇಳೋಕೆ ಆಗದಿದ್ರೆ ಅಕ್ಕನಿಗೆ, ಅಕ್ಕ ಇಲ್ಲದಿದ್ರೆ ಗೆಳತಿಗೆ.

ಇನ್ನೂ ಯೋಚನೆಯಲ್ಲೇ ಇರೋರಿಗೆ ಒಂದು ಸಲಹೆ. ಮೂರು ತಿಂಗಳು ಇದೇ ನಡಿಗೆ, ಇದೇ ತಟ್ಟೆ ಮಾಡಿ ನೋಡಿ. ಆಪರೇಷನ್ ಆದ ಮೇಲೂ ಮಾಡಬೇಕಾದ್ದು ಇದನ್ನೇ ತಾನೇ? ಮೊದಲೇ ಮಾಡೋಕೆ ಆದ್ರೆ, ಆಪರೇಷನ್ ಬೇಕಾ ಬೇಡ್ವಾ ಅನ್ನೋದನ್ನ ಆಮೇಲೆ ಅವಸರವಿಲ್ಲದೆ ನಿರ್ಧಾರ ಮಾಡಬಹುದು. ಬಂದವರ ಮಾತಿಗೆ ಹೆದರಿ ಮಾಡೋ ನಿರ್ಧಾರಕ್ಕಿಂತ ಅದು ಗಟ್ಟಿ.

ಇವತ್ತಿಗೆ ಇಷ್ಟು. ಈ ಎಪಿಸೋಡ್ ಯಾರಿಗಾದ್ರೂ ಬೇಕು ಅನ್ನಿಸಿದ್ರೆ, ಅವರಿಗೆ ಒಬ್ಬರಿಗೇ ಕಳಿಸಿ, ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಮುಂದಿನ ವಾರ ಸಿಗೋಣ, ನಮಸ್ಕಾರ.