ನಾಲ್ಕು ಸಾಲಿನಲ್ಲಿ ಒಂದು ಬಾಲ್ಯ

(ದಾವಣಗೆರೆಯಲ್ಲಿ, ಹರಿಹರದ ಗೆಳೆಯರೂ ಸೇರಿದ್ದ ಓದುಗರ ಕೂಟದಲ್ಲಿ ಮಾಡಿದ ಭಾಷಣದ ಪಠ್ಯ)



ಚುಟುಕು ಎಂದೊಡನೆ ನಾವು ನಗಲು ಸಿದ್ಧರಾಗುತ್ತೇವೆ. ದಿನಕರ ದೇಸಾಯಿಯವರು ನಾಲ್ಕು ಸಾಲುಗಳಲ್ಲಿ ಸಮಾಜವನ್ನು ತಿವಿದರು. ಡುಂಡಿರಾಜರ ಹನಿಗವನಗಳು ನಮ್ಮನ್ನು ನಗಿಸಿದವು. ನಮ್ಮ ಮನೆಗಳ ಹಿರಿಯರಂತೂ ಉರ್ದುವಿನ ಎರಡು ಸಾಲಿನ ಶೇರ್ ಹೇಳಿ ವಾಹ್ ವಾಹ್ ಪಡೆಯುವವರು. ಆದರೆ ಬಾಲ್ಯದಲ್ಲಿ ದೌರ್ಜನ್ಯಕ್ಕೊಳಗಾಗಿ ಬದುಕುಳಿದವರು, ಇಂದು ತಾಯಿಯೋ ತಂದೆಯೋ ಆಗಿರುವವರು, ತಮ್ಮ ನೋವನ್ನು ಹೇಳಲು ಈ ಪುಟ್ಟ ಪದ್ಯವನ್ನೇ ಆರಿಸಿಕೊಂಡರೆ ನಾವು ಹೇಗೆ ಓದುತ್ತೇವೆ?

'ಅಂಥದ್ದೆಲ್ಲ ನಮ್ಮಲ್ಲಿಲ್ಲ' ಎಂಬ ಮಾತು ಕೇಳಿಬರುತ್ತದೆ. 2007ರಲ್ಲಿ ಕೇಂದ್ರ ಸರಕಾರವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ವರದಿಯೊಂದನ್ನು ಪ್ರಕಟಿಸಿತು. ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಎದುರಿಸಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡುಮಕ್ಕಳು! ಕರ್ನಾಟಕ ಆ 13 ರಾಜ್ಯಗಳಲ್ಲಿರಲಿಲ್ಲ ಎಂದು ಸಮಾಧಾನಪಡುವವರೊಂದಿಗೆ ವಾದಕ್ಕಿಳಿಯಲು ನಮಗೆ ಮನಸ್ಸಿಲ್ಲ.

ಅಮೆರಿಕದ ಕವಯಿತ್ರಿ ಮಾಯಾ ಏಂಜೆಲೋ (1928-2014) ಅವರ ಬಾಲ್ಯವನ್ನು ಇಲ್ಲಿ ನೆನೆಯಬೇಕು. ಎಂಟರ ಆಸುಪಾಸಿನಲ್ಲಿ, ತಾಯಿಯ ಗೆಳೆಯನೇ ಆಕೆಯ ಮೇಲೆ ಅತ್ಯಾಚಾರವೆಸಗಿದ. ಬಾಲಕಿ ಅವನ ಹೆಸರು ಹೇಳಿದಳು. ಶಿಕ್ಷೆಯಾಯಿತು, ಆದರೆ ಬೇಗನೆ ಬಿಡುಗಡೆಯಾದ, ಅನಂತರ ಕೊಲೆಯಾದ. ತನ್ನ ಮಾತೇ ಅವನನ್ನು ಕೊಂದಿತೆಂದು ನಂಬಿದ ಮಗು ಸುಮಾರು ಐದು ವರ್ಷ ಬಾಯಿ ತೆರೆಯಲಿಲ್ಲ. ತಪ್ಪು ಮಾಡಿದವನು ಒಬ್ಬ, ಅಪರಾಧಪ್ರಜ್ಞೆ ಹೊತ್ತದ್ದು ಮಗು! ಬರ್ತಾ ಫ್ಲವರ್ಸ್ ಎಂಬ ಮಹಿಳೆ ಆಕೆಗೆ ಪುಸ್ತಕ ಕೊಟ್ಟು, ಕವಿತೆಯನ್ನು ಗಟ್ಟಿಯಾಗಿ ಓದಬೇಕೆಂದು ಪ್ರೇರೇಪಿಸಿದರು. ಹೀಗೆ ಮಾತು ಮರಳಿತು. ಆತ್ಮಕಥೆಯ ಮೊದಲ ಸಂಪುಟ ಬಂದದ್ದು 1969ರಲ್ಲಿ, ಆಕೆಗೆ ನಲವತ್ತು ದಾಟಿದ ಮೇಲೆ. ಗಾಯಕ್ಕೂ ಬರಹಕ್ಕೂ ನಡುವೆ ಮೂರು ದಶಕಗಳ ಅಂತರ. 'ಇಷ್ಟು ದಿನ ಏಕೆ ಹೇಳಲಿಲ್ಲ?' ಎಂದು ಕೇಳುವವರು ಇದನ್ನು ಗಮನಿಸಲಿ.

ಪುಟ್ಟ ಪದ್ಯವೇ ಏಕೆ? ಮಗುವಿನ ನೆನಪು ಆದಿ-ಅಂತ್ಯಗಳುಳ್ಳ ಕಥೆಯಾಗಿ ಉಳಿಯುವುದಿಲ್ಲ. ಒಂದು ವಾಸನೆ, ಒಂದು ಸದ್ದು, ಗೋಡೆಯ ಮೇಲಿನ ಕ್ಯಾಲೆಂಡರ್, ಹೀಗೆ ಚೂರುಚೂರಾಗಿ ಉಳಿಯುತ್ತದೆ. ಚೂರಿಗೆ ನಾಲ್ಕು ಸಾಲು ಸಾಕು. ಅದನ್ನು ಒಲೆಯ ಮುಂದೆ ನಿಂತು ಬರೆಯಬಹುದು, ಮಡಚಿ ಅಕ್ಕಿ ಡಬ್ಬಿಯಲ್ಲಿ ಇಡಬಹುದು. ಈ ಮಾತಿಗಾಗಿ ನಾವೇ ನಾಲ್ಕು ಸಾಲು ಹೊಸೆದಿದ್ದೇವೆ, ಕವಿಗಳು ಕ್ಷಮಿಸಬೇಕು:

ಚಿಲಕ ಹಾಕಿದ ಸದ್ದು ಕೇಳಿದರೆ ಸಾಕು
ಮೂವತ್ತರ ನಾನು ಎಂಟಕ್ಕೆ ಇಳಿಯುವೆ.
'ಕದ ಯಾಕಮ್ಮಾ ತೆರೆದಿದೆ?' ಮಗಳು ಕೇಳಿದರೆ
'ಗಾಳಿ ಬರಲಿ' ಎಂದು ಹೇಳಿ ಮಲಗುವೆ.

ಇಲ್ಲಿ ಅಪರಾಧದ ವರ್ಣನೆಯಿಲ್ಲ, ಅಪರಾಧಿಯ ಹೆಸರಿಲ್ಲ. ಇಪ್ಪತ್ತೆರಡು ವರ್ಷಗಳ ನಂತರವೂ ಮುಚ್ಚಲಾಗದ ಒಂದು ಬಾಗಿಲು ಮಾತ್ರ ಇದೆ. ಪರಿಣಾಮ ದೀರ್ಘಕಾಲದ್ದೆಂಬುದು ಕವಿಕಲ್ಪನೆಯಲ್ಲ. ಬಾಲ್ಯದ ಹಿಂಸೆಗೂ ವಯಸ್ಕರ ಖಿನ್ನತೆ, ವ್ಯಸನ, ಹೃದ್ರೋಗಗಳಿಗೂ ನಂಟಿದೆಯೆಂದು 1998ರಲ್ಲಿ ಅಮೆರಿಕದ ವೈದ್ಯರಾದ ಫೆಲಿಟಿ, ಅಂಡಾ ಮತ್ತು ಸಂಗಡಿಗರು ಸಾವಿರಾರು ಜನರ ಅಧ್ಯಯನದಿಂದ ತೋರಿಸಿದರು.

ಇನ್ನು, ಇಂಥ ಪದ್ಯ ಕೈಗೆ ಬಂದವರ ಹೊಣೆ. ಪ್ರಾಸ ತಿದ್ದಲು ಹೊರಡಬೇಡಿ. 'ಇದು ನಿನ್ನದೇ ಕಥೆಯೋ?' ಎಂದು ಎಲ್ಲರೆದುರು ಕೇಳಬೇಡಿ. ಬರೆದವರು ವಯಸ್ಕರಾದರೆ, ಮುಂದೇನು ಎಂಬುದನ್ನು ಅವರೇ ನಿರ್ಧರಿಸಲಿ. ಬರೆದದ್ದು ಮಗುವಾದರೆ ವಿಷಯ ಬೇರೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ, ಲೈಂಗಿಕ ದೌರ್ಜನ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಗುರುಗಳಿಗೂ ಮದ್ರಸದ ಉಸ್ತಾದರಿಗೂ ಜಮಾಅತಿನ ಹಿರಿಯರಿಗೂ ಇದು ಒಂದೇ. ಮನೆಯ ಮಾನದ ಹೆಸರಿನಲ್ಲಿ ರಾಜಿ ಪಂಚಾಯಿತಿ ನಡೆಸಿ, ಮಗುವನ್ನು ಮತ್ತೆ ಅದೇ ಕೋಣೆಗೆ ಕಳುಹಿಸುವ ಅಧಿಕಾರ ಯಾರಿಗೂ ಇಲ್ಲ. ಸಹಾಯವಾಣಿ 1098 ನೆನಪಿರಲಿ. ಅದೇ ಕಾಯ್ದೆಯ 23ನೇ ಕಲಮು ಪತ್ರಿಕೆಯವರಾದ ನಮ್ಮನ್ನೂ ಕಟ್ಟಿಹಾಕುತ್ತದೆ: ಮಗುವಿನ ಹೆಸರು, ಮನೆ, ಶಾಲೆ, ಬಡಾವಣೆ ಯಾವುದನ್ನೂ ಬಯಲು ಮಾಡುವಂತಿಲ್ಲ. ದಾವಣಗೆರೆ, ಹರಿಹರದಂಥ ಊರುಗಳಲ್ಲಿ ಒಂದು ಓಣಿಯ ಹೆಸರು ಸಾಕು, ಇಡೀ ಮನೆತನ ಗುರುತಾಗುತ್ತದೆ.

ಬರೆಯುವ ವಯಸ್ಕರಿಗೆ ಒಂದು ಮಾತು. ಬರೆದದ್ದನ್ನು ಪ್ರಕಟಿಸಲೇಬೇಕೆಂದಿಲ್ಲ. ಬರೆಯುತ್ತಿರುವಾಗ ನಿದ್ದೆ ಕೆಟ್ಟರೆ, ಎದೆ ನಡುಗಿದರೆ ಲೇಖನಿ ಕೆಳಗಿಡಿ, ಮನೋವೈದ್ಯರನ್ನು ಕಾಣಿ. ಪದ್ಯ ಔಷಧಿಯ ಬದಲಿಯಲ್ಲ. ಪ್ರಕಟವಾಗಲಿ ಎನಿಸಿದರೆ ನಮಗೆ ಕಳುಹಿಸಿ. ಲಕೋಟೆಯ ಮೇಲೆ ಹೆಸರು ಬೇಡ, ನಾವು ಕೇಳುವುದೂ ಇಲ್ಲ.