ಬನ್ನಿ ಮತ್ತು ಬಳ್ಳಾರಿ ಜಾಲಿ



ಪಾಲಾರಿನ ನೀರನ್ನು ತಡೆದು ನಿಲ್ಲಿಸಿದ ಬೇತಮಂಗಲದ ಕೆರೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕೋಲಾರದ ಚಿನ್ನದ ಗಣಿಯೂರಿಗೆ ಕುಡಿಯುವ ನೀರನ್ನು ಒದಗಿಸಿದ ಕೆರೆಯಿದು. ಈ ಸೀಮೆಯ ಕೆರೆಗಳು ಬತ್ತಿದ ವರ್ಷಗಳಲ್ಲಿ ಅಂಗಳವನ್ನು ಮೊದಲು ಆಕ್ರಮಿಸುವ ಮರ ಬಳ್ಳಾರಿ ಜಾಲಿ. ಅದನ್ನು ಕಡಿಯಹೊರಟವರು, ಮುಳ್ಳುಳ್ಳದ್ದೆಲ್ಲವೂ ಜಾಲಿಯೆಂದೆಣಿಸಿ, ಹೊಲದಂಚಿನ ಬನ್ನಿಗೂ ಕೊಡಲಿಯಿಡುವ ಅಪಾಯವುಂಟು. ಆದುದರಿಂದ ಈ ದಾಯಾದಿಗಳ ಭೇದವನ್ನು ನಾವು ಅರಿತಿರಬೇಕು.

ಸಸ್ಯಶಾಸ್ತ್ರಜ್ಞರು ಇವೆರಡನ್ನೂ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿರಿಸಿದ್ದರು. ಜಾಲಿಯನ್ನು ಬೇರೊಂದು ಕುಲಕ್ಕೆ ಸೇರಿಸಿದುದು 2022ರಲ್ಲಿ. ಬನ್ನಿ ನಮ್ಮ ದೇಶದ್ದೇ. ಸಂಸ್ಕೃತದಲ್ಲಿ ಅದು ಶಮೀ. ಪಾಂಡವರು ಆಯುಧಗಳನ್ನು ಅಡಗಿಸಿಟ್ಟ ಮರವೆಂದು ವಿಜಯದಶಮಿಯಂದು ಅದನ್ನು ಪೂಜಿಸುತ್ತೇವೆ. ಬಳ್ಳಾರಿ ಜಾಲಿಗಾದರೋ ಹೆಸರು ಬಳ್ಳಾರಿಯದು, ತವರು ಅಮೆರಿಕ ಖಂಡ. 1877ರಲ್ಲಿ ಜಮೈಕಾದಿಂದ ಬೀಜವನ್ನು ತರಿಸಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬೆಳೆಸಿದರು. ಸೌದೆಯ ಬರವನ್ನು ನೀಗಿಸುವ ಒಳ್ಳೆಯ ಉದ್ದೇಶವೇ ಅದರ ಹಿಂದಿತ್ತು.

ಎರಡರ ಹೂವೂ ನೀಳವಾದ ತೆನೆ. ಹಳದಿಯ ಗುಂಡು ಹೂ ಬಿಡುವ ನಮ್ಮ ಕರಿಜಾಲಿ ಬೇರೆಯೇ ಮರ. ಬನ್ನಿಯ ಮುಳ್ಳು ಚಿಕ್ಕದು, ಗಿಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುವುದು. ಜಾಲಿಯ ಮುಳ್ಳು ನೀಳವಾದುದು, ಎಲೆ ಹೊರಡುವ ಗಿಣ್ಣಿನಲ್ಲೇ ಹುಟ್ಟುವುದು. ಬನ್ನಿಯ ಕಾಯಿ ಸಪೂರ. ಜಾಲಿಯದು ಚಪ್ಪಟೆ, ಮಾಗಿದಾಗ ಹಳದಿ, ರುಚಿಯಲ್ಲಿ ಸಿಹಿ.

ಆ ಸಿಹಿಯಲ್ಲಿಯೇ ಅದರ ವಿಸ್ತಾರದ ಗುಟ್ಟಿದೆ. ಆಡು, ದನಗಳು ಕಾಯಿಯನ್ನು ತಿಂದು ಬೀಜವನ್ನು ಸಗಣಿಯೊಡನೆ ದೂರದೂರಕ್ಕೆ ಬಿತ್ತುವುವು. ಹುಟ್ಟಿದ ಗಿಡ ದಟ್ಟವಾದ ಪೊದೆಯಾಗಿ, ತನ್ನಡಿಯಲ್ಲಿ ಹುಲ್ಲಿಗೂ ಎಡೆಗೊಡದು. ಬನ್ನಿಯಾದರೋ ಬೇರನ್ನು ಬಹು ಆಳಕ್ಕೆ ಇಳಿಸಿ, ಮೇಲಿನ ತೇವವನ್ನು ಬಹುಮಟ್ಟಿಗೆ ಪೈರಿಗೇ ಬಿಟ್ಟುಕೊಡುವುದು. ರಾಜಸ್ಥಾನದ ರೈತರು ಅದರ ನೆರಳಿನಲ್ಲಿಯೇ ಸಜ್ಜೆಯನ್ನು ಬೆಳೆಯುತ್ತಾರೆ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಬಿಷ್ಣೋಯಿ ಜನರು ಈ ಮರವನ್ನು ತಬ್ಬಿ ನಿಂತು ಪ್ರಾಣವನ್ನೇ ತೆತ್ತರು.

ಜಾಲಿಯನ್ನು ಬರಿದೇ ಹಳಿಯುವುದೂ ನ್ಯಾಯವಲ್ಲ. ಎಷ್ಟೋ ಬಡವರ ಒಲೆ ಉರಿದುದು ಅದರ ಸೌದೆಯಿಂದ, ಇದ್ದಲಿನಿಂದ. ಆದರೆ ಕೆರೆಯಂಗಳ ನೀರಿನ ಮನೆ. ಅಲ್ಲಿ ಅದಕ್ಕೆ ಸ್ಥಳವಿಲ್ಲ. ಮೇಲಷ್ಟೇ ಕಡಿದರೆ ಬುಡದಿಂದ ಮತ್ತೆ ಚಿಗುರುವುದು, ಬೇರುಸಹಿತ ಕೀಳಬೇಕು. ಕೀಳುವ ಮುನ್ನ ಕೊಂಬೆಯನ್ನೊಮ್ಮೆ ಬಾಗಿಸಿ ಮುಳ್ಳಿನ ನೆಲೆಯನ್ನು ನೋಡೋಣ. ಹಬ್ಬದ ದಿನ ಕೈಮುಗಿದ ಮರವನ್ನು ಮಿಕ್ಕ ದಿನಗಳಲ್ಲಿ ಗುರುತಿಸದೆ ಕಡಿದೆವೆಂಬ ಅಪವಾದ ನಮಗೆ ಬಾರದಿರಲಿ.