ಏಟು ಸ್ನಾಯುವಿಗೆ, ಕಷ್ಟ ಕಿಡ್ನಿಗೆ

ನಾನು ಐಸಿಯುನಲ್ಲಿ ಕೆಲಸ ಮಾಡುವ ವೈದ್ಯ. ಇವತ್ತು ಹೇಳ್ತಿರೋದು ಒಂದು ಮೂತ್ರದ ಚೀಲದ ವಿಷಯ. ಊಟ ಮಾಡ್ತಾ ಕೇಳ್ತಿದ್ರೆ, ಮುಗಿಸಿ ಆಮೇಲೆ ಕೇಳಿ, ತೊಂದರೆ ಇಲ್ಲ.

ಕೆಲವು ವರ್ಷಗಳ ಹಿಂದೆ ಅರವತ್ತು ದಾಟಿದ ಒಬ್ಬರನ್ನು ಬೆಳಿಗ್ಗೆ ಕರೆತಂದರು. ಪಾರ್ಶ್ವವಾಯು. ಮನೆಯಲ್ಲಿ ಒಬ್ಬರೇ ಇದ್ದರು. ರಾತ್ರಿ ಬಚ್ಚಲುಮನೆ ಹತ್ತಿರ ಬಿದ್ದವರು, ಬೆಳಿಗ್ಗೆ ಹಾಲಿನ ಹುಡುಗ ಬಂದು ಬಾಗಿಲು ಬಡಿಯುವ ತನಕ ಅಲ್ಲೇ ಇದ್ದರು. ಎಡ ಮಗ್ಗುಲಾಗಿ, ಇಡೀ ಮೈ ಭಾರ ಒಂದೇ ತೊಡೆ, ಒಂದೇ ತೋಳಿನ ಮೇಲೆ. ನಾವು ತಲೆಯ ಸ್ಕ್ಯಾನ್ ಮಾಡಿಸಿದೆವು, ಬಿಪಿ, ಶುಗರ್ ನೋಡಿದೆವು. ತೊಡೆ ಊದಿ ಗಟ್ಟಿಯಾಗಿತ್ತು. ಬಿದ್ದ ಪೆಟ್ಟು ಅಂದುಕೊಂಡೆ. ಕ್ರಿಯಾಟಿನಿನ್ 1.6 ಇತ್ತು. ವಯಸ್ಸಾಗಿದೆ, ಶುಗರ್ ಬೇರೆ ಇದೆ ಅಂತ ನಾನೇ ಸಮಾಧಾನ ಹೇಳಿಕೊಂಡು ಮುಂದೆ ಹೋದೆ.

ಸಂಜೆ ಡ್ಯೂಟಿಗೆ ಬಂದ ಸಿಸ್ಟರ್ ಚೀಲ ಎತ್ತಿ ತೋರಿಸಿದರು. ‘ಸರ್, ಇದನ್ನ ನೋಡಿದ್ರಾ? ಡಿಕಾಕ್ಷನ್ ಥರ ಇದೆ.’

ಅದ್ದಿ ನೋಡುವ ಪಟ್ಟಿ ‘ರಕ್ತ ಇದೆ’ ಅಂತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ರಕ್ತಕಣಗಳೇ ಇಲ್ಲ. ಈ ಎರಡು ಒಂದಕ್ಕೊಂದು ತಾಳೆಯಾಗದಿದ್ದಾಗ ಸಂಶಯ ಸ್ನಾಯುವಿನ ಮೇಲೆ ಹೋಗಬೇಕು. ಸಿಪಿಕೆ ಅನ್ನೋ ರಕ್ತಪರೀಕ್ಷೆ ಮಾಡಿಸಿದೆ. ಸಾಮಾನ್ಯವಾಗಿ 200ರ ಆಸುಪಾಸು ಇರಬೇಕಾದ್ದು. 5,000 ದಾಟಿದರೆ ಕಿಡ್ನಿ ಬಗ್ಗೆ ಚಿಂತೆ ಶುರು. ಇವರದ್ದು 48,000.

ಇದಕ್ಕೆ ರಾಬ್ಡೊಮಯೊಲಿಸಿಸ್ ಅಂತಾರೆ. ಹೆಸರು ನೆನಪಿಡಬೇಕಿಲ್ಲ. ಬಹಳ ಹೊತ್ತು ಅದುಮಿಕೊಂಡ ಸ್ನಾಯುವಿಗೆ ರಕ್ತ ಸಿಗದೆ ಅದರ ಜೀವಕೋಶಗಳು ಒಡೆಯುತ್ತವೆ. ಒಳಗಿದ್ದ ಮಯೊಗ್ಲೋಬಿನ್, ಪೊಟ್ಯಾಸಿಯಂ ಎಲ್ಲ ರಕ್ತಕ್ಕೆ ಸುರಿಯುತ್ತೆ. ಮಯೊಗ್ಲೋಬಿನ್ ಅಂದರೆ ಸ್ನಾಯುವಿಗೆ ಕೆಂಪು ಬಣ್ಣ ಕೊಡುವ ಪ್ರೋಟೀನ್. ಅದು ಕಿಡ್ನಿಯ ಸಣ್ಣ ನಾಳಗಳಲ್ಲಿ ಇಳಿದು ಗರಣೆ ಕಟ್ಟುತ್ತೆ, ನಾಳದ ಗೋಡೆಯನ್ನೂ ಕೆಡಿಸುತ್ತೆ. ಅದೇ ಹೊತ್ತಿಗೆ ಊದಿದ ಸ್ನಾಯು ಮೈಯ ನೀರನ್ನೆಲ್ಲ ಎಳೆದುಕೊಳ್ಳುತ್ತೆ, ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತೆ. ನೀರು ಕಡಿಮೆ, ಕಸ ಜಾಸ್ತಿ. ಬೇಸಿಗೆಯಲ್ಲಿ ನಮ್ಮೂರ ಚರಂಡಿ ನೋಡಿದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಇದನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿದ್ದು 1941ರಲ್ಲಿ, ಲಂಡನ್ ಮೇಲೆ ಜರ್ಮನಿ ಬಾಂಬ್ ಹಾಕುತ್ತಿದ್ದ ಕಾಲದಲ್ಲಿ. ಕುಸಿದ ಮನೆಗಳ ಅಡಿಯಿಂದ ಜೀವಂತ ತೆಗೆದವರು ಕೆಲವು ದಿನಗಳಲ್ಲಿ ಕಿಡ್ನಿ ಕೆಟ್ಟು ಸಾಯ್ತಿದ್ದರು. ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ ಅಂಥ ನಾಲ್ವರ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಭೂಕಂಪದಲ್ಲಿ ಸಿಕ್ಕಿಕೊಂಡವರಿಗೆ ಕಲ್ಲು ಎತ್ತುವ ಮೊದಲೇ, ಕೈ ಸಿಕ್ಕಿದರೆ ಸಾಕು, ಸಲೈನ್ ಹಾಕಲು ಶುರುಮಾಡಿ ಅಂತ ಈಗ ಹೇಳ್ತಾರಲ್ಲ, ಅದಕ್ಕೆ ಕಾರಣ ಇದೇ. ಆದರೆ ಕಟ್ಟಡವೇ ಬೀಳಬೇಕಂತಿಲ್ಲ. ನಿಲ್ಲದ ಅಪಸ್ಮಾರ, ಬಿಸಿಲಾಘಾತ, ಕಡಲಹಾವಿನ ಕಡಿತ, ಕೆಲವು ಔಷಧಿಗಳಿಂದಲೂ ಆಗುತ್ತೆ. ನಮ್ಮ ಈ ಯಜಮಾನರಿಗೆ ಕಲ್ಲು ಅವರ ಮೈಭಾರವೇ.

ಪೊಟ್ಯಾಸಿಯಂ 6.8 ಇತ್ತು. ಹೃದಯ ಯಾವ ಕ್ಷಣ ಬೇಕಾದರೂ ನಿಲ್ಲಬಹುದು. ಕ್ಯಾಲ್ಸಿಯಂ, ಇನ್ಸುಲಿನ್ ಜೊತೆ ಗ್ಲೂಕೋಸ್ ಕೊಟ್ಟೆವು, ಸಲೈನ್ ಜೋರಾಗಿ ಓಡಿಸಿದೆವು. ಇದಕ್ಕೆ ಮುಖ್ಯ ಮದ್ದು ಸಲೈನೇ. ಸೋಡಾ ಬೈಕಾರ್ಬನೇಟ್, ಮ್ಯಾನಿಟಾಲ್ ಸೇರಿಸುವ ರೂಢಿ ಇದೆ, ಅದರಿಂದ ಹೆಚ್ಚಿನ ಲಾಭ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಆದರೆ ಸಲೈನ್ ಹೋಗಬೇಕಾದ್ದು ಮೊದಲ ಗಂಟೆಗಳಲ್ಲಿ. ನಾವು ಎಂಟು ಗಂಟೆ ಕಳೆದಿದ್ದೆವು. ಮೂರನೇ ದಿನ ಕ್ರಿಯಾಟಿನಿನ್ 6 ದಾಟಿತು, ಮೂತ್ರ ನಿಂತೇಹೋಯಿತು. ಡಯಾಲಿಸಿಸ್‌ಗೆ ಸಹಿ ಬೇಕಿತ್ತು.

ಮಗ ಕೇಳಿದ, ‘ತೊಂದ್ರೆ ತಲೇಲಿ ಅಂದ್ರಲ್ಲ ಡಾಕ್ಟ್ರೇ, ಕಿಡ್ನಿಗೆ ಏನಾಯ್ತು?’

ಇದ್ದದ್ದು ಇದ್ದ ಹಾಗೆ ಹೇಳಿದೆ. ಬೆಳಿಗ್ಗೆಯೇ ನಾನು ತೊಡೆ ಮುಟ್ಟಿ ಯೋಚಿಸಬೇಕಿತ್ತು, ಯೋಚಿಸಲಿಲ್ಲ ಅಂದೆ. ಆತ ಸುಮ್ಮನೆ ಫಾರಂ ನೋಡ್ತಾ ನಿಂತ. ಆಮೇಲೆ, ‘ಭಾನುವಾರ ನಾನು ಫೋನ್ ಮಾಡ್ಬೇಕಿತ್ತು. ಮಾಡ್ಲಿಲ್ಲ’ ಅಂತ ಹೇಳಿ ಸಹಿ ಹಾಕಿದ.

ಬದುಕಿ ಉಳಿದವರಲ್ಲಿ ಹೆಚ್ಚಿನವರಿಗೆ ಕಿಡ್ನಿ ವಾಪಸ್ ಬರುತ್ತೆ, ಅದೇ ಈ ಕಾಯಿಲೆಯ ಒಂದು ಒಳ್ಳೆಯ ಗುಣ. ಇವರಿಗೂ ಮೂರನೇ ವಾರ ಮೂತ್ರ ಶುರುವಾಯಿತು. ಮೊದಲ ದಿನ ಒಂದು ಲೋಟದಷ್ಟು. ಅದೇ ಸಿಸ್ಟರ್ ಅಳೆದು ಬರೆದರು. ಕೋಲು ಹಿಡಿದು ಮನೆಗೆ ಹೋದರು, ಎಡಗಾಲು ಮಾತ್ರ ಇನ್ನೂ ಎಳೆಯುತ್ತೆ.

ಈಗ ಯಾರನ್ನಾದರೂ ಬಿದ್ದಲ್ಲಿಂದ ಎತ್ತಿ ತಂದರು ಅಂದರೆ, ಜೊತೆಗೆ ಬಂದವರನ್ನು ನಾನು ಕೇಳೋದು ಇಷ್ಟು: ಎಷ್ಟು ಹೊತ್ತು ಬಿದ್ದಿದ್ದರು, ಯಾವ ಮಗ್ಗುಲಲ್ಲಿ? ನಾವು ಕೇಳದಿದ್ದರೂ ನೀವೇ ಹೇಳಿ.